ಆಟೋಕ್ಯಾಡ್‌ನಲ್ಲಿ ಕೈ ಚುರುಕಾಗಲು ಮೊದಲು ಯಾವ ಶಾರ್ಟ್‌ಕಟ್ ಕಲಿಯಬೇಕು?

ಡಿಪ್ಲೊಮಾ ಮುಗಿಸಿ ಮಂಡ್ಯದಿಂದ ಮೈಸೂರಿಗೆ ಬಂದು ಡ್ರಾಫ್ಟಿಂಗ್ (ಆಟೋಕ್ಯಾಡ್ ಅನ್ನೋ ಸಾಫ್ಟ್‌ವೇರಿನಲ್ಲಿ ಕಟ್ಟಡದ ನಕ್ಷೆ ಬರೆಯೋ) ಕೆಲಸಕ್ಕೆ ಸೇರಿ ಎರಡು ತಿಂಗಳಾಯಿತು, ಪಕ್ಕದವರು ಅರ್ಧ ದಿನಕ್ಕೆ ಮುಗಿಸೋ ಪ್ಲಾನ್ ನನಗೆ ಎರಡು ದಿನ ಹಿಡಿಯುತ್ತೆ ಅಂತ ಬರೆದಿದ್ದೀರಿ. ನನಗೂ ಇದೇ ಸಂಕಟ ಇತ್ತು. ಕೈ ಚುರುಕು ಮಾಡಿಕೊಳ್ಳೋಕೆ ಹೋಗಿಯೇ ಬೋಗಾದಿ ಕಡೆ ಒಂದು ಸೈಟಿನಲ್ಲಿ ಮೂರು ಫೂಟಿಂಗ್ (ಕಾಲಂ ಕೆಳಗಿನ ಕಾಂಕ್ರೀಟ್ ಪಾದ) ಒಡೆಸಿದೆ.

30×40 ಸೈಟು, ಎರಡು ಕಡೆ ಮೂರು ಮೂರು ಅಡಿ ಬಿಟ್ಟು 24 ಅಡಿ ಅಗಲದ ಮನೆ. 9 ಇಂಚಿನ ಕಾಲಂ. ಹಾಗಾಗಿ ಆಚೆ ಸಾಲಿನಿಂದ ಈಚೆ ಸಾಲಿಗೆ ಸೆಂಟರ್ ಟು ಸೆಂಟರ್ 23'-3". ನಡುವೆ ಇನ್ನೊಂದು ಸಾಲು: ಎಡಕ್ಕೆ 11'-3", ಬಲಕ್ಕೆ 12'-0" ಬರಬೇಕು. ಡೈಮೆನ್ಷನ್ (ಅಳತೆ ತೋರಿಸೋ ಗೆರೆ ಮತ್ತು ಅಂಕಿ) ಹಾಕಿದರೆ 11'-2", 12'-1" ಅಂತ ತೋರಿಸಿತು. ನಿಜವಾಗಿ ಅಲ್ಲಿದ್ದದ್ದು 11'-2 3/8" ಮತ್ತು 12'-0 5/8". ಓಸ್ನ್ಯಾಪ್‌ನಲ್ಲಿ (ಕರ್ಸರನ್ನು ಗೆರೆಯ ತುದಿ, ಮಧ್ಯ ಹೀಗೆ ಒಂದು ಬಿಂದುವಿಗೆ ಹಿಡಿಸೋ ಸೌಲಭ್ಯ) ನಿಯರೆಸ್ಟ್ ಆನ್ ಆಗಿತ್ತು. ಅದು ಗೆರೆಯ ಮೇಲೆ ಕರ್ಸರ್ ಹತ್ತಿರ ಸಿಕ್ಕಿದ ಕಡೆ ಹಿಡಿಯುತ್ತೆ, ತುದಿ ಗಿದಿ ನೋಡಲ್ಲ. ಡೈಮೆನ್ಷನ್ ಸ್ಟೈಲ್‌ನಲ್ಲಿ ಪ್ರಿಸಿಷನ್, ಅಂದರೆ ಅಂಕಿ ಎಷ್ಟು ಸೂಕ್ಷ್ಮವಾಗಿ ಕಾಣಬೇಕು ಅನ್ನೋದು, ಪೂರ್ತಿ ಇಂಚಿಗೆ ಇದ್ದದ್ದರಿಂದ ಆ ಭಿನ್ನರಾಶಿಗಳು ಕಣ್ಣಿಗೇ ಬೀಳಲಿಲ್ಲ.

ಸೆಂಟರ್ ಲೈನ್ ಸರಿಪಡಿಸೋಕೆ ಎರಡು ನಿಮಿಷ ಸಾಕಿತ್ತು. ನಾನು ಡೈಮೆನ್ಷನ್ ಮೇಲೆ ಡಬಲ್ ಕ್ಲಿಕ್ ಮಾಡಿ 11'-3", 12'-0" ಅಂತ ಟೈಪ್ ಮಾಡಿದೆ. ಹತ್ತು ಸೆಕೆಂಡ್.

ವಾರ ಬಿಟ್ಟು ಮನೆಯವರು ಹಾಲ್ 9 ಇಂಚು ದೊಡ್ಡದು ಬೇಕು ಅಂದರು. ಸ್ಟ್ರೆಚ್ (ಆರಿಸಿದ ಭಾಗವನ್ನು ಎಳೆದು ಸರಿಸೋ ಕಮಾಂಡ್) ಹೊಡೆದು ನಡುವಿನ ಸಾಲನ್ನು ಬಲಕ್ಕೆ ತಳ್ಳಿದೆ. ಗೋಡೆ ಹೋಯಿತು, ಕಾಲಂ ಹೋಯಿತು, ಡೈಮೆನ್ಷನ್ ಗೆರೆಯೂ ಜೊತೆಗೇ ಹೋಯಿತು. ಅಂಕಿ ಮಾತ್ರ ಹೋಗಲಿಲ್ಲ. ಕೈಯಲ್ಲಿ ಟೈಪ್ ಮಾಡಿದ ಅಂಕಿ ಅಳತೆಯಲ್ಲ, ಬರೀ ಅಕ್ಷರ. ಇನ್ನೂ ಕೆಟ್ಟದ್ದು ಏನಂದರೆ, ಎರಡೂ ಹಳೇ ಅಂಕಿಗಳು ಕೂಡಿದರೆ 23'-3" ಸರಿಯಾಗಿ ಬರುತ್ತೆ! ಒಂದನ್ನೇ ತಿದ್ದಿದ್ದರೆ ಲೆಕ್ಕ ತಪ್ಪಿ ಯಾರಾದರೂ ಹಿಡೀತಿದ್ದರು. ಎಂಜಿನಿಯರ್ ಕೂಡಿ ನೋಡಿದರು, ಮೇಸ್ತ್ರಿ ಟೇಪ್ ಹಿಡಿದು ನೋಡಿದರು, ಎಲ್ಲ ತಾಳೆ. ಸುಣ್ಣ ಹಾಕಿ, ಗುಂಡಿ ತೋಡಿ, ನಡುವಿನ ಸಾಲಿನ ಮೂರು ಫೂಟಿಂಗ್‌ಗೆ ಕಾಂಕ್ರೀಟ್ ಬಿದ್ದ ಮೇಲೆ ಮೇಸ್ತ್ರಿ ಫ್ಲೋರ್ ಪ್ಲಾನ್ ಹಿಡಿದು ಕೇಳಿದರು: "ಸಾರ್, ಈ ಹಾಲು ಇಲ್ಲಿ ಕೂರ್ತಾನೇ ಇಲ್ವಲ್ಲ?" ಫೂಟಿಂಗ್ ಬಿದ್ದದ್ದು ಹಳೇ ಅಂಕಿಯ ಜಾಗದಲ್ಲಿ.

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಶಾರ್ಟ್‌ಕಟ್ ಹದಿನೈದು ದಿನಕ್ಕೆ ಬೆರಳಿಗೆ ತಾನೇ ಹತ್ತುತ್ತೆ. ಒಂದನ್ನು ಮಾತ್ರ ಬೇಕೆಂದೇ ರೂಢಿ ಮಾಡಿಕೊಳ್ಳಿ: ಡಿ-ಐ, ದೂರ ಅಳೆಯೋದು. ಡೈಮೆನ್ಷನ್ ಏನೇ ಹೇಳಲಿ, ನೀವೇ ಅಳೆದು ನೋಡಿ. ಯೂನಿಟ್ಸ್‌ನಲ್ಲೂ ಡೈಮೆನ್ಷನ್ ಸ್ಟೈಲ್‌ನಲ್ಲೂ ಪ್ರಿಸಿಷನ್ 1/8 ಇಂಚಿಗೆ ಇಟ್ಟು ಕೆಲಸ ಮಾಡಿ. ಕೆಟ್ಟ ಭಿನ್ನರಾಶಿ ಕಂಡರೆ ಗೆರೆ ತಿದ್ದಿ, ಅಂಕಿ ಮುಟ್ಟಬೇಡಿ. ಓಸ್ನ್ಯಾಪ್‌ನಲ್ಲಿ ಎಂಡ್‌ಪಾಯಿಂಟ್, ಮಿಡ್‌ಪಾಯಿಂಟ್, ಇಂಟರ್‌ಸೆಕ್ಷನ್, ಸೆಂಟರ್ ಸಾಕು, ನಿಯರೆಸ್ಟ್ ಬಂದ್.

ಬೇರೆಯವರ ಫೈಲ್ ಕೈಗೆ ಬಂದರೆ ಮೊದಲು ಕ್ಯೂ-ಸೆಲೆಕ್ಟ್ (ಒಂದೇ ಗುಣದವನ್ನೆಲ್ಲ ಒಟ್ಟಿಗೆ ಆರಿಸೋ ಕಮಾಂಡ್) ತೆಗೆಯಿರಿ. ಆಬ್ಜೆಕ್ಟ್ ಟೈಪ್ ರೊಟೇಟೆಡ್ ಡೈಮೆನ್ಷನ್, ಪ್ರಾಪರ್ಟಿ ಟೆಕ್ಸ್ಟ್ ಓವರ್‌ರೈಡ್ (ಅಳತೆಯ ಬದಲು ಕೈಯಲ್ಲಿ ಟೈಪ್ ಮಾಡಿದ್ದು), ಆಪರೇಟರ್ ನಾಟ್ ಈಕ್ವಲ್, ವ್ಯಾಲ್ಯೂ ಖಾಲಿ. ಟೈಪ್ ಮಾಡಿದವೆಲ್ಲ ಒಟ್ಟಿಗೆ ಸೆಲೆಕ್ಟ್ ಆಗುತ್ತವೆ. ಅಲೈನ್ಡ್ (ಓರೆ ಗೆರೆಗೆ ಹಾಕೋ) ಡೈಮೆನ್ಷನ್‌ಗೂ ಇನ್ನೊಮ್ಮೆ ಹೀಗೇ ಮಾಡಿ. ಪ್ರಾಪರ್ಟೀಸ್‌ನಲ್ಲಿ ಆ ಜಾಗ ಖಾಲಿ ಮಾಡಿದರೆ ನಿಜವಾದ ಅಳತೆ ಹೊರಗೆ ಬರುತ್ತೆ. 'ಕ್ಲಿಯರ್' ಅಂತಲೋ 'ಸೆಂಟರ್ ಟು ಸೆಂಟರ್' ಅಂತಲೋ ಪದ ಸೇರಿಸಲೇಬೇಕಿದ್ದರೆ <> ಚಿಹ್ನೆ ಇಟ್ಟು ಅದರ ಮುಂದೆ ಬರೆಯಿರಿ, ಅಂಕಿ ಜೀವಂತ ಇರುತ್ತೆ. ಇನ್ನು ಡಿಮ್‌ಅಸೋಕ್ (ಡೈಮೆನ್ಷನ್ ಗೆರೆಗೆ ಅಂಟಿಕೊಂಡಿರಬೇಕೇ ಅನ್ನೋ ಸೆಟ್ಟಿಂಗ್) 2ಕ್ಕೆ ಇರಲಿ. ಡೈಮೆನ್ಷನ್ ಪಕ್ಕ ಹಳದಿ ಆಶ್ಚರ್ಯಸೂಚಕ ಕಂಡರೆ ಅದು ಗೆರೆಯಿಂದ ಕಳಚಿಕೊಂಡಿದೆ ಅಂತ ಅರ್ಥ. ಡಿಮ್‌ರೀಅಸೋಸಿಯೇಟ್ ಕೊಟ್ಟು ಮತ್ತೆ ಹಿಡಿಸಿ.

ಸ್ಟ್ರಕ್ಚರಲ್ ಡ್ರಾಯಿಂಗ್ ಮಿಲಿಮೀಟರಿನಲ್ಲಿ ಬರುತ್ತೆ, ನಮ್ಮದು ಅಡಿ-ಇಂಚು. ಎರಡೂ ಫೈಲಿನಲ್ಲಿ ಇನ್ಸ್‌ಯೂನಿಟ್ಸ್ (ಫೈಲಿನ ಅಳತೆಮಾನ ಹೇಳೋ ಸೆಟ್ಟಿಂಗ್) ನೋಡಿ: ಇಂಚಿಗೆ 1, ಮಿಲಿಮೀಟರಿಗೆ 4. ಸರಿಯಿದ್ದರೆ ಇನ್ಸರ್ಟ್ ಮಾಡುವಾಗ ಸಾಫ್ಟ್‌ವೇರೇ ಬದಲಾಯಿಸುತ್ತೆ. ನಮ್ಮಲ್ಲಿ ಕೆಲವರು ಮಿಲಿಮೀಟರನ್ನು ಇಂಚಿಗೆ ತರೋಕೆ 25.4ರಿಂದ ಭಾಗಿಸೋ ಬದಲು 0.04 ಅಂತ ಸ್ಕೇಲ್ ಹೊಡೀತಾರೆ. 40 ಅಡಿಗೆ ಏಳೂಮುಕ್ಕಾಲು ಇಂಚಿನಷ್ಟು ಹೆಚ್ಚಾಗುತ್ತೆ, ಲೆಕ್ಕ ಹಾಕಿ ನೋಡಿ. ಕೈಯಲ್ಲೇ ಮಾಡಬೇಕೆಂದರೆ ಸ್ಕೇಲ್‌ನಲ್ಲಿ ರೆಫರೆನ್ಸ್ ತಗೊಂಡು 25.4, ಆಮೇಲೆ 1.

ಕರೆಂಟ್ ಹೋದಾಗಿನ ವಿಚಾರ: ಆಟೋಸೇವ್ ಮೊದಲಿಗೆ 10 ನಿಮಿಷಕ್ಕೆ ಇರುತ್ತೆ, ಸೇವ್‌ಟೈಮ್ ಕೊಟ್ಟು 5 ಮಾಡಿ. ಆ ಫೈಲಿನ ಎಕ್ಸ್‌ಟೆನ್ಷನ್ ಎಸ್‌ವಿ$, ಅದು ಬೀಳೋ ಫೋಲ್ಡರ್ ಆಪ್ಷನ್ಸ್‌ನ ಫೈಲ್ಸ್ ಟ್ಯಾಬಿನಲ್ಲಿದೆ. ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ. ಅದನ್ನಾಗಲೀ ಡ್ರಾಯಿಂಗ್ ಪಕ್ಕದ ಬಿಎಕೆ ಫೈಲನ್ನಾಗಲೀ ಬೇರೆ ಕಡೆ ಕಾಪಿ ಮಾಡಿ, ಎಕ್ಸ್‌ಟೆನ್ಷನ್ ಡಿಡಬ್ಲ್ಯುಜಿ (ಆಟೋಕ್ಯಾಡ್ ಡ್ರಾಯಿಂಗಿನದು) ಅಂತ ಬದಲಾಯಿಸಿದರೆ ತೆರೆಯುತ್ತೆ. ಬಿಎಕೆ ಅಂದರೆ ಕೊನೆಯ ಸೇವ್‌ಗಿಂತ ಹಿಂದಿನದು. ಅದಕ್ಕೇ ಕೆಟ್ಟುಹೋದ ಫೈಲನ್ನು ಗಾಬರಿಯಲ್ಲಿ ಎರಡು ಸಲ ಸೇವ್ ಮಾಡಬೇಡಿ, ಒಳ್ಳೆಯ ಬಿಎಕೆಯೂ ಅಳಿಸಿಹೋಗುತ್ತೆ.