ಜಪಾನಿಗೆ ಹೋದವರು ಸೋತವರಲ್ಲ

ಹಾಸನದ ಓದುಗರೊಬ್ಬರ ಪತ್ರ ಈ ಸಲ ಮೇಜಿನ ಮೇಲೆ ಎಲ್ಲಕ್ಕಿಂತ ಮೇಲಿದೆ. ಕಳೆದ ಸಂಚಿಕೆಯಲ್ಲಿ ಜಪಾನಿನ ರೇಸ್‌ಗಳಲ್ಲಿ ಓಡುವ ವಿದೇಶಿ ಡ್ರೈವರ್‌ಗಳ ಬಗ್ಗೆ ಬಂದ ಲೇಖನ ಅವರಿಗೆ ಹಿಡಿಸಿಲ್ಲ. ಅವರು ಬರೆಯುತ್ತಾರೆ: "ಫಾರ್ಮುಲಾ ಒನ್‌ನಲ್ಲಿ ಜಾಗ ಸಿಗದವರು, ಸಿಕ್ಕರೂ ಉಳಿಸಿಕೊಳ್ಳಲಾಗದವರು ಜಪಾನಿಗೆ ಹೋಗುತ್ತಾರೆ. ಅಲ್ಲಿ ಒಳ್ಳೆ ಸಂಬಳ, ಕಡಿಮೆ ಪೈಪೋಟಿ. ನಮ್ಮ ನರೇನ್ ಕಾರ್ತಿಕೇಯನ್ ಕೂಡ ಹಾಗೇ ಹೋದವರು. ಇದನ್ನು ಸಾಧನೆ ಎಂದು ಬರೆದು ಮಕ್ಕಳ ದಾರಿ ತಪ್ಪಿಸಬೇಡಿ. ನನ್ನ ಮಗ ಕಾರ್ಟಿಂಗ್ ಮಾಡುತ್ತಾನೆ. ಅವನ ಕಣ್ಣು ಯುರೋಪಿನ ಮೇಲೆ ಮಾತ್ರ ಇರಬೇಕು ಎಂಬುದು ನನ್ನಾಸೆ."

ಪತ್ರ ಚೆನ್ನಾಗಿ ಬರೆದಿದ್ದೀರಿ ಸರ್. ಮಗನ ಮೇಲಿನ ಪ್ರೀತಿಯೇ ಇದನ್ನು ಬರೆಸಿದೆ ಅಂತ ಗೊತ್ತಾಗುತ್ತದೆ. ನಿಮ್ಮ ಮಾತಿನಲ್ಲಿ ನಿಜವೂ ಇದೆ. ಫಾರ್ಮುಲಾ ಒನ್‌ಗಿಂತ ಎತ್ತರದ ರೇಸ್ ಇಲ್ಲ. ಜಪಾನ್ ದೂರದ ದೇಶ, ಭಾಷೆ ಕಷ್ಟ. ಕೋವಿಡ್ ಕಾಲದಲ್ಲಿ ಗಡಿ ಮುಚ್ಚಿದಾಗ ಎಷ್ಟೋ ವಿದೇಶಿ ಡ್ರೈವರ್‌ಗಳು ವೀಸಾ ಸಿಗದೆ ತಮ್ಮ ಸೀಟನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಯಿತು. ಇಷ್ಟು ಒಪ್ಪುತ್ತೇನೆ.

ಆದರೆ "ಕಡಿಮೆ ಪೈಪೋಟಿ" ಎಂದಿರಲ್ಲ, ಅದನ್ನು ಸುಮ್ನೆ ಬಿಡಲಾರೆ.

ಸೂಪರ್ ಜಿಟಿ ಜಪಾನಿನ ದೊಡ್ಡ ಕಾರು ರೇಸ್ ಸರಣಿ, ಒಂದೊಂದು ಕಾರನ್ನು ಇಬ್ಬರು ಪಾಳಿಯ ಮೇಲೆ ಓಡಿಸುತ್ತಾರೆ. 2018ರ ಅದರ ಕೊನೆಯ ರೇಸ್ ನೋಡಿ. ಜಾಗ ಜಪಾನಿನ ಮೊಟೆಗಿ ಟ್ರ್ಯಾಕ್. ಜೆನ್ಸನ್ ಬಟನ್ ಆಗಲೇ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆಗಿದ್ದವರು, 2009ರಲ್ಲಿ. ಹೋಂಡಾ ಎನ್‌ಎಸ್‌ಎಕ್ಸ್ ಕಾರಿನಲ್ಲಿ ಅವರ ಜೊತೆಗಾರ ನಾವೋಕಿ ಯಾಮಾಮೊಟೊ. ಈ ಜೋಡಿಗೂ ರ್ಯೋ ಹಿರಾಕಾವಾ–ನಿಕ್ ಕ್ಯಾಸಿಡಿ ಜೋಡಿಗೂ ಅಂಕಗಳು ಸಮ. ಯಾರು ಮುಂದೆ ಮುಗಿಸುತ್ತಾರೋ ಅವರದೇ ಪಟ್ಟ. ಕೊನೆಯ ಪಾಳಿಯಲ್ಲಿ ಬಟನ್ ಸ್ಟಿಯರಿಂಗ್ ಹಿಡಿದರು. ಹಿಂದಿನಿಂದ ಹಿರಾಕಾವಾ ಸುತ್ತು ಸುತ್ತಿಗೂ ಹತ್ತಿರವಾಗುತ್ತಾ ಬಂದರು. ಎದುರಿಗೆ ಜಿಟಿ300 ಕಾರುಗಳ ಸಾಲು. ಸೂಪರ್ ಜಿಟಿಯಲ್ಲಿ ವೇಗದ ಜಿಟಿ500 ಮತ್ತು ನಿಧಾನದ ಜಿಟಿ300 ಕಾರುಗಳು ಒಂದೇ ಟ್ರ್ಯಾಕಿನಲ್ಲಿ ಒಟ್ಟಿಗೆ ಓಡುತ್ತವೆ. ತಿರುವಿನಲ್ಲಿ ನಿಧಾನದ ಕಾರು ಅಡ್ಡ ಸಿಕ್ಕರೆ ಅರ್ಧ ಸೆಕೆಂಡ್ ಹೋಯಿತು, ಹಿಂದಿನವನು ಬಾಗಿಲಿಗೇ ಬಂದ. ವಿಶ್ವ ಚಾಂಪಿಯನ್ ಆದವರು ಆ ಸಂದಣಿಯಲ್ಲಿ ನುಸುಳಿಕೊಂಡು, ಹಿಂದಿನವರನ್ನು ತಡೆದುಕೊಂಡು ಓಡಿಸಿದ ರೀತಿ ನೋಡಿದ ಮೇಲೂ ಅಲ್ಲಿ ಪೈಪೋಟಿ ಕಡಿಮೆ ಎನ್ನಲು ಸಾಧ್ಯವೇ?

ಅಲ್ಲಿ ಗೆದ್ದವನಿಗೆ ಸುಖವೂ ಇಲ್ಲ. ಅಂಕ ಬಂದಂತೆಲ್ಲಾ ಕಾರಿಗೆ ತೂಕ ಹೇರುತ್ತಾರೆ. ಈ ರೇಸ್ ಗೆದ್ದ ಕಾರು ಮುಂದಿನ ರೇಸಿಗೆ ಭಾರವಾಗಿ ಬರುತ್ತದೆ. ಕೊನೆಯ ರೇಸಿನಲ್ಲಿ ಮಾತ್ರ ಆ ತೂಕ ಇಳಿಸುತ್ತಾರೆ. ಟೊಯೋಟಾ, ಹೋಂಡಾ, ನಿಸ್ಸಾನ್ ಮೂರೂ ಕಂಪನಿಗಳಿಗೆ ಇದು ಮಾನದ ಪ್ರಶ್ನೆ. ಟೈರ್ ಕಂಪನಿಗಳ ನಡುವೆ ಬೇರೆಯದೇ ಯುದ್ಧ. ಈ ಲೆಕ್ಕಾಚಾರ ತಲೆಗೆ ಹತ್ತಲು ಎಂಥವರಿಗೂ ಸಮಯ ಬೇಕು. ಹೈಕಿ ಕೊವಲೈನೆನ್ 2008ರಲ್ಲಿ ಫಾರ್ಮುಲಾ ಒನ್‌ನ ಹಂಗೆರಿ ಗ್ರ್ಯಾನ್ ಪ್ರಿ ಗೆದ್ದವರು, ಮೆಕ್ಲಾರೆನ್ ತಂಡಕ್ಕೆ ಓಡಿಸಿದವರು. 2015ರಲ್ಲಿ ಸೂಪರ್ ಜಿಟಿಯಲ್ಲಿ ಸಾರ್ಡ್ ತಂಡದ ಲೆಕ್ಸಸ್ (ಟೊಯೋಟಾದ್ದೇ ಕಾರು) ಹತ್ತಿದಾಗ ಮೊದಲ ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಅವರು ಬಿಟ್ಟು ಓಡಲಿಲ್ಲ. ಮರುವರ್ಷ ಕೊಹೆ ಹಿರಾತೆ ಜೊತೆ ಚಾಂಪಿಯನ್ ಆದರು. ಆಮೇಲೆ ಜಪಾನಿನ ರಾಷ್ಟ್ರೀಯ ರ‍್ಯಾಲಿಗೂ ಇಳಿದು 2022, 2023ರಲ್ಲಿ ಅಲ್ಲೂ ಚಾಂಪಿಯನ್. ಸರ್ಕ್ಯೂಟ್ ಡ್ರೈವರ್ ಒಬ್ಬರು ಕಾಡಿನ ಕಿರಿದಾದ ದಾರಿಯಲ್ಲಿ ಹೊಸದಾಗಿ ಕಲಿತು ಗೆಲ್ಲುವುದು ನಿಮಗೆ ಸಣ್ಣ ವಿಷಯ ಅನಿಸುತ್ತದೆಯೇ?

ಸೂಪರ್ ಫಾರ್ಮುಲಾ, ಅಂದರೆ ಫಾರ್ಮುಲಾ ಒನ್ ಥರದ ಒಂಟಿ ಸೀಟಿನ ಕಾರುಗಳ ಜಪಾನಿನ ಸರಣಿ, ಇನ್ನೊಂದು ಕಥೆ. ಎಲ್ಲರಿಗೂ ಡಲ್ಲಾರಾ ಕಂಪನಿಯ ಒಂದೇ ಥರದ ಕಾರು. ಎಂಜಿನ್ ಮಾತ್ರ ಹೋಂಡಾ ಅಥವಾ ಟೊಯೋಟಾ. ಕಾರಿನ ಮೇಲೆ ತಪ್ಪು ಹೊರಿಸಲು ಜಾಗವೇ ಇಲ್ಲ. ಪಿಯರ್ ಗ್ಯಾಸ್ಲಿ ಫಾರ್ಮುಲಾ ಒನ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ ಜಿಪಿ2 ಸರಣಿಯ ಚಾಂಪಿಯನ್ ಪಟ್ಟ ಹೊತ್ತುಕೊಂಡೇ 2017ರಲ್ಲಿ ಇಲ್ಲಿಗೆ ಬಂದರು. ವರ್ಷದ ಕೊನೆಯ ಹೊತ್ತಿಗೆ ಪಟ್ಟಕ್ಕೆ ಅರ್ಧ ಅಂಕ ಮಾತ್ರ ಹಿಂದಿದ್ದರು. ಅಷ್ಟರಲ್ಲಿ ಟೊರೊ ರೊಸ್ಸೊ ತಂಡದಲ್ಲಿ ಫಾರ್ಮುಲಾ ಒನ್ ಸೀಟೂ ಸಿಕ್ಕಿತ್ತು. ಆಗ ಏನಾಯಿತು ಗೊತ್ತೇ? ಅಮೆರಿಕದ ಗ್ರ್ಯಾನ್ ಪ್ರಿ ಬಿಟ್ಟು ಅವರು ಜಪಾನಿನ ಸುಜುಕಾ ಟ್ರ್ಯಾಕಿಗೆ ಹೋದರು. ಫಾರ್ಮುಲಾ ಒನ್ ಬಿಟ್ಟು ಸೂಪರ್ ಫಾರ್ಮುಲಾಗೆ! ದುರದೃಷ್ಟಕ್ಕೆ ಚಂಡಮಾರುತ ಬಂದು ಅಲ್ಲಿನ ಕೊನೆಯ ರೇಸುಗಳೇ ರದ್ದಾದವು. ಹಿರೊವಾಕಿ ಇಶಿಯುರಾ ಅರ್ಧ ಅಂಕದಿಂದ ಚಾಂಪಿಯನ್ ಆದರು. ಆ ಪಟ್ಟಕ್ಕೆ ಬೆಲೆ ಇಲ್ಲದಿದ್ದರೆ ಗ್ಯಾಸ್ಲಿ ಯಾಕೆ ಹೋಗುತ್ತಿದ್ದರು?

ಇದೇನೂ ಹೊಸದಲ್ಲ. 1990ರ ದಶಕದ ಶುರುವಿನಲ್ಲಿ ಯುರೋಪಿನಲ್ಲಿ ದುಡ್ಡು ತರುವವನಿಗೇ ಸೀಟು. ಪ್ರತಿಭೆ ಇದ್ದು ಜೇಬು ಖಾಲಿ ಇದ್ದವರಿಗೆ ಸಂಬಳ ಕೊಟ್ಟು ಓಡಿಸಿದ್ದು ಜಪಾನ್. ಎಡ್ಡಿ ಅರ್ವೈನ್ ಮೂರು ವರ್ಷ ಅಲ್ಲಿ ಎಫ್3000 (ಈಗಿನ ಸೂಪರ್ ಫಾರ್ಮುಲಾದ ಹಳೆಯ ರೂಪ) ಓಡಿಸಿದರು. 1993ರ ಜಪಾನ್ ಗ್ರ್ಯಾನ್ ಪ್ರಿಯಲ್ಲಿ ಜೋರ್ಡನ್ ತಂಡ ಅವರಿಗೆ ಮೊದಲ ಅವಕಾಶ ಕೊಟ್ಟಿತು. ಸುಜುಕಾದ ಮೂಲೆಮೂಲೆ ಅವರಿಗೆ ಗೊತ್ತಿತ್ತು. ಮೊದಲ ರೇಸಿನಲ್ಲೇ ಆರನೇ ಸ್ಥಾನ, ಒಂದು ಅಂಕ. ಒಂದು ಸುತ್ತು ಹಿಂದಿದ್ದರೂ ಮುಂದಿದ್ದ ಐರ್ಟನ್ ಸೆನ್ನಾರನ್ನೇ ದಾಟಿ ಹೋದರು. ರೇಸ್ ಮುಗಿದ ಮೇಲೆ ಸೆನ್ನಾ ಹುಡುಕಿಕೊಂಡು ಬಂದು ಗುದ್ದಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಆ ಧೈರ್ಯ ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ. ಅದೇ ಅರ್ವೈನ್ 1999ರಲ್ಲಿ ಫೆರಾರಿಯಲ್ಲಿ ವಿಶ್ವ ಪಟ್ಟವನ್ನು ಎರಡೇ ಅಂಕದಿಂದ ಕಳೆದುಕೊಂಡರು.

ಜಾನಿ ಹರ್ಬರ್ಟ್ ಅವರದು ಇನ್ನೂ ಕಷ್ಟದ ದಾರಿ. 1988ರಲ್ಲಿ ಬ್ರ್ಯಾಂಡ್ಸ್ ಹ್ಯಾಚ್ ಅಪಘಾತದಲ್ಲಿ ಎರಡೂ ಪಾದ ನಜ್ಜುಗುಜ್ಜು. ಮರುವರ್ಷ ಬೆನೆಟನ್ ತಂಡ ಸೇರಿದರೂ ಅರ್ಧದಲ್ಲೇ ಕೈಬಿಟ್ಟರು. ಆಗ ಅವರನ್ನು ಓಡುವಂತೆ ಇಟ್ಟಿದ್ದು ಜಪಾನಿನ ಎಫ್3000 ಮತ್ತು ಮಾಜ್ದಾ. 1991ರಲ್ಲಿ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸನ್ನು ಮೊದಲ ಬಾರಿಗೆ ಜಪಾನಿನ ಕಂಪನಿಯೊಂದು ಗೆದ್ದಾಗ ಆ ಮಾಜ್ದಾದ ಕೊನೆಯ ಪಾಳಿ ಓಡಿಸಿದ್ದು ಹರ್ಬರ್ಟ್. ಕಾರಿನಿಂದ ಇಳಿದವರು ನೀರಿನಂಶ ಕಡಿಮೆಯಾಗಿ ಕುಸಿದರು, ವೇದಿಕೆಗೂ ಹೋಗಲಾಗಲಿಲ್ಲ. ಮುಂದೆ ಮೂರು ಗ್ರ್ಯಾನ್ ಪ್ರಿ ಗೆದ್ದರು. ರಾಲ್ಫ್ ಶುಮಾಕರ್ 1996ರ ಫಾರ್ಮುಲಾ ನಿಪ್ಪಾನ್ (ಸೂಪರ್ ಫಾರ್ಮುಲಾಕ್ಕೆ ಆಗ ಇದ್ದ ಹೆಸರು) ಚಾಂಪಿಯನ್, ಪೆದ್ರೊ ಡಿ ಲಾ ರೋಸಾ 1997ರ ಚಾಂಪಿಯನ್. ಇಬ್ಬರೂ ಅಲ್ಲಿಂದಲೇ ಫಾರ್ಮುಲಾ ಒನ್‌ಗೆ ಏರಿದರು.

ರೋಲಂಡ್ ರಾಟ್ಜೆನ್‌ಬರ್ಗರ್ ಹೆಸರನ್ನು ನೀವು ಕೇಳಿರುತ್ತೀರಿ. ಕೇಳಿದ್ದು ಬಹುಶಃ ಒಂದೇ ಕಾರಣಕ್ಕೆ, 1994ರ ಇಮೋಲಾದಲ್ಲಿ ಸೆನ್ನಾಗಿಂತ ಒಂದು ದಿನ ಮೊದಲು ತೀರಿಕೊಂಡವರು ಅಂತ. ಈ ಆಸ್ಟ್ರಿಯನ್ ಡ್ರೈವರ್ ತನ್ನ ಬದುಕು ಕಟ್ಟಿಕೊಂಡಿದ್ದು ಜಪಾನಿನಲ್ಲಿ. ಟೂರಿಂಗ್ ಕಾರು, ಸ್ಪೋರ್ಟ್ಸ್ ಕಾರು, ಎಫ್3000, ಸಿಕ್ಕಿದ್ದೆಲ್ಲಾ ಓಡಿಸಿದರು. ಫಾರ್ಮುಲಾ ಒನ್ ಸೀಟು ಸಿಕ್ಕಾಗ ವಯಸ್ಸು 33. ಸಿಮ್‌ಟೆಕ್ ಎಂಬ ಹೊಸ, ಬಡ ತಂಡ. ಬ್ರೆಜಿಲ್‌ನಲ್ಲಿ ಅರ್ಹತೆಯೇ ಸಿಗಲಿಲ್ಲ. ಅವರು ಓಡಿದ ಒಂದೇ ಒಂದು ಗ್ರ್ಯಾನ್ ಪ್ರಿ ಜಪಾನಿನ ಐಡಾದಲ್ಲಿ ನಡೆಯಿತು, 11ನೇಯವರಾಗಿ ಮುಗಿಸಿದರು. ಆ ಜೂನ್‌ನಲ್ಲಿ ಲೆ ಮಾನ್ಸ್‌ನಲ್ಲಿ ಸಾರ್ಡ್ ತಂಡದ ಟೊಯೋಟಾ ಓಡಿಸಬೇಕಿತ್ತು. ಅವರ ಸೀಟಿಗೆ ಅರ್ವೈನ್ ಬಂದರು. ಆದರೆ ಕಾರಿನ ಮೇಲಿಂದ ರಾಟ್ಜೆನ್‌ಬರ್ಗರ್ ಹೆಸರನ್ನು ತಂಡ ಅಳಿಸಲಿಲ್ಲ. ಆ ಹೆಸರಿನ ಜೊತೆಗೇ ಕಾರು ಎರಡನೇ ಸ್ಥಾನದಲ್ಲಿ ಮುಗಿಸಿತು. ತಮ್ಮಲ್ಲಿ ದುಡಿದವನನ್ನು ಹೀಗೆ ನಡೆಸಿಕೊಂಡ ಜನ ಅವರು. ಅದಕ್ಕೇ ಅಲ್ಲಿಗೆ ಹೋದವರನ್ನು "ಉಳಿಸಿಕೊಳ್ಳಲಾಗದವರು" ಎಂದು ನೀವು ಒಂದೇ ಮಾತಿನಲ್ಲಿ ಮುಗಿಸಿದ್ದು ನನಗೆ ನೋವು ತಂದಿತು.

ಹೋಗಿ ಅಲ್ಲೇ ಉಳಿದವರನ್ನೂ ನೋಡಿ. ಇಟಲಿಯ ರೋನಿ ಕ್ವಿಂಟರೆಲ್ಲಿ ಒಂದೇ ಒಂದು ಫಾರ್ಮುಲಾ ಒನ್ ರೇಸ್ ಓಡಿಲ್ಲ. 2004ರಲ್ಲಿ ಜಪಾನಿನ ಎಫ್3 (ಎಳೆಯ ಡ್ರೈವರ್‌ಗಳ ಸರಣಿ) ಚಾಂಪಿಯನ್. ನಂತರ ನಿಸ್ಸಾನ್ ಜಿಟಿ-ಆರ್‌ನಲ್ಲಿ 2011, 2012, 2014, 2015 ಹೀಗೆ ನಾಲ್ಕು ಸಲ ಜಿಟಿ500 ಚಾಂಪಿಯನ್. ಜಪಾನಿ ಭಾಷೆ ಕಲಿತು, ಆ ಜನರಲ್ಲಿ ಒಬ್ಬರಾಗಿ, 2024ರ ಕೊನೆಗೆ ಸೂಪರ್ ಜಿಟಿಯಿಂದ ನಿವೃತ್ತರಾದರು. ಆಂಡ್ರೆ ಲೊಟರರ್ 2002ರಲ್ಲಿ ಜಾಗ್ವಾರ್ ಫಾರ್ಮುಲಾ ಒನ್ ತಂಡದ ಟೆಸ್ಟ್ ಡ್ರೈವರ್. ಸೀಟು ಸಿಗಲಿಲ್ಲ, ಜಪಾನಿಗೆ ಹೋದರು. ಎರಡು ಸೂಪರ್ ಜಿಟಿ ಪಟ್ಟ, 2011ರಲ್ಲಿ ಫಾರ್ಮುಲಾ ನಿಪ್ಪಾನ್ ಪಟ್ಟ, ಆಡಿ ಜೊತೆ ಮೂರು ಲೆ ಮಾನ್ಸ್. ಕೊನೆಗೆ 2014ರಲ್ಲಿ ಸ್ಪಾದಲ್ಲಿ ಕೇಟರ್‌ಹ್ಯಾಮ್ ತಂಡ ಕರೆದು ಒಂದು ಗ್ರ್ಯಾನ್ ಪ್ರಿ ಕೊಟ್ಟಿತು. ಅರ್ಹತಾ ಸುತ್ತಿನಲ್ಲಿ ತಂಡದ ಖಾಯಂ ಡ್ರೈವರ್‌ಗಿಂತ ಮುಂದಿದ್ದರು. ರೇಸಿನಲ್ಲಿ ಒಂದೇ ಸುತ್ತಿಗೆ ಕಾರು ಕೈಕೊಟ್ಟಿತು. ನಿಮ್ಮ ಲೆಕ್ಕದಲ್ಲಿ ಆ ಒಂದು ಸುತ್ತು ಸಾಧನೆ, ಉಳಿದ ಅಷ್ಟೂ ವರ್ಷ ಸೋಲು. ಈ ಲೆಕ್ಕ ಸರಿ ಅಲ್ವಲ್ಲ ಸರ್.

ಈಗ ನರೇನ್ ವಿಷಯ. ಇಲ್ಲಿ ನನಗೆ ಸಿಟ್ಟೇ ಬರುತ್ತದೆ, ನಿಮ್ಮ ಮೇಲಲ್ಲ, ನಮ್ಮ ಪತ್ರಿಕಾ ವೃತ್ತಿಯ ಮೇಲೆ. 2005ರಲ್ಲಿ ಅವರು ಫಾರ್ಮುಲಾ ಒನ್‌ನ ಜೋರ್ಡನ್ ತಂಡ ಸೇರಿದಾಗ ಎಲ್ಲರೂ ಮುಖಪುಟದಲ್ಲಿ ಹಾಕಿದರು. 2014ರಿಂದ 2018ರವರೆಗೆ ಅವರು ಸೂಪರ್ ಫಾರ್ಮುಲಾ ಓಡಿದರು. ಇಂಪುಲ್, ಡ್ಯಾಂಡೆಲಿಯನ್, ಲೆಮಾನ್ಸ್, ನಕಾಜಿಮಾ, ಹೀಗೆ ತಂಡದಿಂದ ತಂಡಕ್ಕೆ. ಜಪಾನಿನ ಮೊದಲ ಪೂರ್ಣಾವಧಿ ಫಾರ್ಮುಲಾ ಒನ್ ಡ್ರೈವರ್ ಸತೊರು ನಕಾಜಿಮಾ, ತಮ್ಮ ತಂಡದಲ್ಲಿ ನಮ್ಮ ಕೊಯಮತ್ತೂರಿನವರನ್ನು ಕೂರಿಸಿದ್ದರು. ಇದೇ ಒಂದು ಸುದ್ದಿ ಅಲ್ವಾ? ಇಲ್ಲಿ ಬಂದದ್ದು ಅಲ್ಲೊಂದು ಇಲ್ಲೊಂದು ಸಾಲು. ಟಿಸಿಎಸ್ ಪ್ರಾಯೋಜಕತ್ವ ಅವರ ಬೆನ್ನಿಗಿತ್ತು, ನಿಜ. ಪ್ರಾಯೋಜಕರು ಕಾರು ಕೊಡಿಸಬಹುದು, ತಿರುವು ಕೊಡಿಸುವುದಿಲ್ಲ.

2019ರ ನವೆಂಬರ್ 24. ಫುಜಿ ಸ್ಪೀಡ್‌ವೇಯಲ್ಲಿ ಸೂಪರ್ ಜಿಟಿ ಮತ್ತು ಜರ್ಮನಿಯ ಕಾರು ರೇಸ್ ಸರಣಿಯಾದ ಡಿಟಿಎಂ ಕಾರುಗಳ ಜಂಟಿ ರೇಸ್. ಶನಿವಾರ ಕ್ಯಾಸಿಡಿ ಗೆದ್ದರು. ಭಾನುವಾರ ನರೇನ್ ಗೆದ್ದರು, 42ನೇ ವಯಸ್ಸಿನಲ್ಲಿ, ಹೋಂಡಾ ಎನ್‌ಎಸ್‌ಎಕ್ಸ್‌ನಲ್ಲಿ. ಆಡಿ, ಬಿಎಂಡಬ್ಲ್ಯು, ನಿಸ್ಸಾನ್, ಲೆಕ್ಸಸ್ ಎಲ್ಲಾ ಹಿಂದೆ. ಆಗ ನಾನು ದಿನಪತ್ರಿಕೆಯೊಂದರ ಕ್ರೀಡಾ ವಿಭಾಗದಲ್ಲಿದ್ದೆ. ಉತ್ಸಾಹದಿಂದ ಉದ್ದದ ವರದಿ ಬರೆದು ಕೊಟ್ಟೆ. ಅದೇ ದಿನ ಈಡನ್ ಗಾರ್ಡನ್ಸ್‌ನಲ್ಲಿ ಪಿಂಕ್ ಬಾಲ್ ಟೆಸ್ಟ್ ಮುಗಿದಿತ್ತು. ಪುಟವೆಲ್ಲಾ ಅದಕ್ಕೇ ಹೋಯಿತು. ಕ್ರಿಕೆಟ್‌ಗೆ ಜಾಗ ಕೊಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಹಿರಿಯರೊಬ್ಬರು "ಎಫ್1 ಬಿಟ್ಟವರ ಸುದ್ದಿ ಯಾರು ಓದ್ತಾರೆ?" ಎಂದು ವರದಿಯನ್ನು ನಾಲ್ಕು ಸಾಲಿಗೆ ಇಳಿಸಿದರು. ಓದುಗರಿಗೆ ಕೊಟ್ಟರೆ ತಾನೇ ಓದುವುದು? ನಾವು ಕೊಡಲಿಲ್ಲ. ಕೊಡದೆ ಇದ್ದುದಕ್ಕೇ ಹಾಸನದಲ್ಲಿ ಕೂತ ನಿಮ್ಮಂಥ ತಿಳಿದ ಓದುಗರಿಗೂ ನರೇನ್ ಜಪಾನಿನಲ್ಲಿ ಏನು ಮಾಡಿದರು ಅಂತ ಗೊತ್ತಾಗಲಿಲ್ಲ.

ಈ ರೋಗ ರೇಸಿಂಗ್‌ಗೆ ಮಾತ್ರ ಅಂಟಿದ್ದಲ್ಲ. ಒಬ್ಬರ ಕೆಲಸ ಹೇಗಿದೆ ಅಂತ ನಾವು ನೋಡುವುದೇ ಇಲ್ಲ. ಎಲ್ಲಿದ್ದಾರೆ ಅಂತ ಮಾತ್ರ ಕೇಳುತ್ತೇವೆ. ಹೆಸರಾದ ಜಾಗ ಬಿಟ್ಟ ಮರುದಿನವೇ ಆ ಮನುಷ್ಯ ನಮ್ಮ ಪಾಲಿಗೆ ಇಲ್ಲ. ಆಟಗಾರರಿಗೆ, ಸಂಗೀತಗಾರರಿಗೆ, ಮೇಷ್ಟ್ರಿಗೆ, ಎಲ್ಲರಿಗೂ ನಾವು ಇದನ್ನೇ ಮಾಡುತ್ತೇವೆ. ಮೂವತ್ತು ದಾಟಿದವನು ಹೊಸ ಊರಿನಲ್ಲಿ ಮತ್ತೆ ಮೊದಲಿನಿಂದ ಶುರು ಮಾಡಿದರೆ ಅದನ್ನು ಮೆಚ್ಚುವ ಬದಲು "ಪಾಪ" ಅನ್ನುತ್ತೇವೆ.

ಇನ್ನು ನಿಮ್ಮ ಮಗ. ಕಾರ್ಟಿಂಗ್ ಟ್ರ್ಯಾಕಿಗಾಗಿ ಬೆಂಗಳೂರಿಗೆ, ದೊಡ್ಡ ರೇಸಿಗಾಗಿ ಶ್ರೀಪೆರಂಬುದೂರಿಗೋ ಕೊಯಮತ್ತೂರಿಗೋ ಅವನನ್ನು ಕರೆದುಕೊಂಡು ಹೋಗುವ ಕಷ್ಟ ನನಗೆ ಅರ್ಥವಾಗುತ್ತದೆ. ಯುರೋಪಿಗೆ ಕಳಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಪ್ರತಿ ಮೆಟ್ಟಿಲಿಗೂ ಅಪ್ಪನೇ ದುಡ್ಡು ಕಟ್ಟಬೇಕು ಎಂಬುದು ನಿಮಗೂ ಗೊತ್ತು. ಸ್ಪೇನಿನ ಆಲೆಕ್ಸ್ ಪಲೋ 2017ರಲ್ಲಿ ಜಪಾನಿನ ಎಫ್3 ಓಡಿದರು. ಒಂದು ವರ್ಷ ಯುರೋಪಿಗೆ ಮರಳಿ, 2019ರಲ್ಲಿ ಮತ್ತೆ ಜಪಾನಿಗೆ ಬಂದು ನಕಾಜಿಮಾ ತಂಡದಲ್ಲಿ ಸೂಪರ್ ಫಾರ್ಮುಲಾ ಓಡಿದರು. ಫುಜಿಯ ಮಳೆಯಲ್ಲಿ ಗೆದ್ದರು. ಮರುವರ್ಷ ಜಪಾನಿನ ಟೀಮ್ ಗೋ ಬೆಂಬಲದಿಂದಲೇ ಅಮೆರಿಕದ ಒಂಟಿ ಸೀಟಿನ ಕಾರುಗಳ ಸರಣಿ ಇಂಡಿಕಾರ್‌ಗೆ ಹೋದರು. 2021, 2023, 2024, 2025ರಲ್ಲಿ ಚಾಂಪಿಯನ್, 2025ರಲ್ಲಿ ಆ ಸರಣಿಯ ಹೆಸರಾಂತ ರೇಸ್ ಇಂಡಿಯಾನಾಪೊಲಿಸ್ 500 ಕೂಡ ಅವರದೇ. ಫಾರ್ಮುಲಾ ಒನ್‌ನಲ್ಲಿ ಒಂದು ರೇಸೂ ಓಡಿಲ್ಲ. ನಿಮ್ಮ ಮಗನಿಗೆ ಇವರ ಹೆಸರು ಗೊತ್ತಿದೆಯೇ ಕೇಳಿ ನೋಡಿ. ಗೊತ್ತಿದ್ದರೆ ಅವನ ಅಭಿಪ್ರಾಯವನ್ನೂ ಒಂದು ಪತ್ರದಲ್ಲಿ ಬರೆಸಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ಇಟ್ಟಿರುತ್ತೇನೆ.

— ಸಂಪಾದಕ