ಪ್ರತಿಕ್ರಿಯೆ: ಚರ್ಚಿನ ದಶಾಂಶವನ್ನು ಸ್ಕಾಟ್ಲೆಂಡಿನ ರಾಜ ಗುತ್ತಿಗೆ ಕೊಟ್ಟಿದ್ದು ಹೇಗೆ?
ನಿಮ್ಮ ಬಳಿಯ ಹಳೇ ಸ್ಕಾಟಿಷ್ ದಾಖಲೆ ಪತ್ರದಲ್ಲಿ ಅರ್ಲ್‌ಗೆ (ಒಬ್ಬ ದೊಡ್ಡ ಶ್ರೀಮಂತನಿಗೆ) ದಶಾಂಶ, ಅಂದರೆ ಬೆಳೆಯಲ್ಲಿ ಚರ್ಚಿಗೆ ಸಲ್ಲಬೇಕಾದ ಹತ್ತನೇ ಒಂದು ಪಾಲು, ಕೊಟ್ಟಿರುವುದು ಚರ್ಚ್ ಅಲ್ಲ, ರಾಜ. ಗೊಂದಲ ಅಲ್ಲೇ ಇದೆ, ಅಲ್ವಾ? ಬಹುಶಃ ಅದು ಬಿಷಪ್‌ಗಳ ದಶಾಂಶ. 1689ರಲ್ಲಿ ಸ್ಕಾಟ್ಲೆಂಡಿನಲ್ಲಿ ಬಿಷಪ್ ಪದವಿಯೇ ರದ್ದಾಯ್ತು. ಅವರ ‘ಟೀಂಡ್’ (ದಶಾಂಶಕ್ಕೆ ಅಲ್ಲಿನ ಹೆಸರು) ರಾಜನ ಕೈಸೇರಿತು. ಅವನು ಅದನ್ನು ಗುತ್ತಿಗೆಗೆ ಬಿಟ್ಟ. ನೀವು ವರ್ಷ ಹೇಳಿಲ್ಲ, ಹಾಗಾಗಿ ಇದು ಊಹೆಯೇ.

ಮೊದಲು ವರ್ಷ ನೋಡಿ. 1689ಕ್ಕಿಂತ ಹಿಂದಿನದಾದರೆ ಕತೆ ಬೇರೆ: 1560ರ ಧಾರ್ಮಿಕ ಸುಧಾರಣೆಯ (ಸ್ಕಾಟ್ಲೆಂಡ್ ಕ್ಯಾಥೊಲಿಕ್ ಚರ್ಚ್ ಬಿಟ್ಟು ಪ್ರಾಟೆಸ್ಟೆಂಟ್ ಆದದ್ದು) ನಂತರ ಮಠಗಳ ಆಸ್ತಿ ಎಷ್ಟೋ ಶ್ರೀಮಂತರ ಪಾಲಾಗಿತ್ತು.

ಆಮೇಲೆ ದಾಖಲೆಯಲ್ಲಿ ‘ಟ್ಯಾಕ್’ ಪದ ಹುಡುಕಿ. ಇದ್ದರೆ ಗುತ್ತಿಗೆ, ಅವಧಿಯೂ ಬರೆದಿರುತ್ತದೆ. ‘ಎರೆಕ್ಷನ್’ ಅಂತಿದ್ದರೆ ಪೂರ್ತಿ ಒಡೆತನ.

ಕೊನೆಗೆ, ಕೊಡಬೇಕಾದ್ದು ಧಾನ್ಯವೋ ಹಣವೋ ನೋಡಿ. ಹಳೇ ಪದ್ಧತಿಯಲ್ಲಿ ಹತ್ತನೇ ಸಿವುಡು ಹಕ್ಕುದಾರನದು. ಅವನು ಬಂದು ಒಯ್ಯುವ ತನಕ ರೈತ ತನ್ನ ಒಂಬತ್ತನ್ನೂ ಮುಟ್ಟುವಂತಿರಲಿಲ್ಲ. ಮಳೆ ಬಂದರೆ ಸುಮ್ನೆ ನೋಡ್ತಾ ನಿಲ್ಲಬೇಕು! ರಾಜ ಒಂದನೇ ಚಾರ್ಲ್ಸ್ 1633ರ ಹೊತ್ತಿಗೆ ಇದನ್ನು ಗೇಣಿಯ ಐದನೇ ಒಂದು ಪಾಲು ಅಂತ ನಿಗದಿ ಮಾಡಿಸಿದ.

ದಶಾಂಶದ ವ್ಯವಹಾರ ನೋಡುತ್ತಿದ್ದ ಟೀಂಡ್ ಕೋರ್ಟಿನ ಕಡತಗಳು ಎಡಿನ್‌ಬರೋದ ರಾಷ್ಟ್ರೀಯ ದಾಖಲೆ ಕಚೇರಿಯಲ್ಲಿವೆ. ಪ್ಯಾರಿಷ್ (ಒಂದು ಚರ್ಚಿಗೆ ಸೇರಿದ ಪ್ರದೇಶ) ಹೆಸರು ಹಾಕಿ ಹುಡುಕಿ.