ಲೋಗನ್ ಕೂಡ ಅಚ್ಚಿನದೇ, ಅಚ್ಚು ಮಾತ್ರ ಬೇರೆ

ಸೂಪರ್‌ಹೀರೋ ಸಿನಿಮಾಗಳೆಲ್ಲ ಒಂದೇ ಅಚ್ಚು ಅಂದರೆ ವುಲ್ವರಿನ್ ಎಂಬ ಸೂಪರ್‌ಹೀರೋನ ಕಥೆಯಾದ 'ಲೋಗನ್' ಮಾತ್ರ ಯಾಕೆ ಬೇರೆ ಅನಿಸುತ್ತದೆ ಅಂತ ಕೇಳಿದ್ದೀರಿ. ಅದೂ ಅಚ್ಚೇ, ಬೇರೆ ಕಡೆಯಿಂದ ತಂದದ್ದು ಅಷ್ಟೇ. ಶಕ್ತಿ ಬರುವುದು, ತಡಬಡಾಯಿಸುವುದು, ಹತ್ತಿರದವರೊಬ್ಬರು ಸಾಯುವುದು, ಕೊನೆಗೆ ತನ್ನಂಥದೇ ಶಕ್ತಿಯಿರುವ ವಿಲನ್ ಜೊತೆ ಹೊಡೆದಾಟ, ಇದು ಮಾಮೂಲಿ ದಾರಿ. 2017ರ ಈ ಸಿನಿಮಾ ಹಿಡಿದದ್ದು ಅಮೆರಿಕದ ಕೌಬಾಯ್ ಸಿನಿಮಾಗಳ, ಅಂದರೆ ವೆಸ್ಟರ್ನ್‌ಗಳ ದಾರಿ: ದಣಿದ ಹಳೇ ಹೋರಾಟಗಾರ, ಕಾಪಾಡಬೇಕಾದ ಮಗು, ಬೇಡ ಅಂದರೂ ಬೆನ್ನು ಬಿಡದ ಹಿಂಸೆ. ಅದನ್ನು ಮುಚ್ಚಿಟ್ಟೂ ಇಲ್ಲ. 1953ರ ವೆಸ್ಟರ್ನ್ ಸಿನಿಮಾ 'ಶೇನ್' ಅನ್ನು ಪಾತ್ರಗಳು ಟಿವಿಯಲ್ಲಿ ನೋಡುತ್ತವೆ, ಅದರ ಮಾತನ್ನೇ ಹುಡುಗಿ ಕೊನೆಯಲ್ಲಿ ಹೇಳುತ್ತಾಳೆ. 2014ರ ಕ್ಯಾಪ್ಟನ್ ಅಮೆರಿಕ ಸಿನಿಮಾ 'ವಿಂಟರ್ ಸೋಲ್ಜರ್' ಹೀಗೆಯೇ 1970ರ ದಶಕದ ರಾಜಕೀಯ ಥ್ರಿಲ್ಲರ್‌ಗಳಿಂದ ಎರವಲು ತಂದಿತ್ತು. ಅಂಥ ಚಿತ್ರಗಳಲ್ಲಿ ನಾಯಕನಾಗಿದ್ದ ರಾಬರ್ಟ್ ರೆಡ್‌ಫೋರ್ಡ್ ಅವರನ್ನು ಇದರಲ್ಲಿ ವಿಲನ್ ಮಾಡಿದ್ದು ಸುಮ್ನೆ ಅಲ್ಲ. ಅಂದಹಾಗೆ, 'ಲೋಗನ್' ಕೂಡ ಆ ಮಾಮೂಲಿ ದಾರಿಯಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ. ಕ್ಲೈಮ್ಯಾಕ್ಸ್‌ನಲ್ಲಿ ನಾಯಕ ಲೋಗನ್ ಬಡಿದಾಡುವುದು ತನ್ನದೇ ತದ್ರೂಪಿಯ ಜೊತೆ ಅಲ್ವಾ?